ಮಗಳನ್ನು ಕರೆದುಕೊಂಡು ಹೋಗು

ಯಲಬುರ್ಗಾ
ಸೋಮವಾರ, ೧೮-೧೧-೨೦೨೪

ಮಗಳು ಮಹೇಶ್ವರಿಗೆ,

ನಿನ್ನ ಅವ್ವನ ಆಶೀರ್ವಾದ. ನಾನೂ ನಿನ್ನ ಮಗಳೂ ಗಟ್ಟಿಯಾಗಿದ್ದೇವೆ. ನೀನು ಕೇಳಿದ ಮಾತಿಗೆ ಉತ್ತರ ಕೊಡಲು ಎಂಟು ದಿನ ತಡವಾಯಿತು, ಸಿಟ್ಟಾಗಬೇಡ. ಫೋನು ಮಾಡಿದರೆ ನಿನ್ನ ಗುಮಾಸ್ತ ಎತ್ತುತ್ತಾನೆ. “ಮೇಡಂ ಕೋರ್ಟಿನ್ಯಾಗ ಅದಾರ್ರಿ. ನಿಮ್ದೇನ್ ಕೇಸ್ರಿ?” ಎಂದ. “ಅಕೀನ್ನ ಹಡದ ಕೇಸಪಾ” ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳ ಅಕ್ಷರ, ನಿಧಾನ ಓದು.

ಚಿನ್ಮಯಿಯ ಕೆಮ್ಮು ಹೋಗಿದೆ. ಮೊನ್ನೆ ಹಾಲು ಮಾರುವವನಿಗೆ “ನೀರ್ ಎಷ್ಟ್ ಹಾಕೀಯೋ ಕಾಕಾ?” ಎಂದು ಕೇಳಿದಳು. ಪಕ್ಕದ ಮನೆಯ ಸರ್ದಾರಬೀ, “ನಾಕ್ ವರ್ಸದ್ದಕ್ಕ ನಿಮ್ ಬಾಯಿನ ಬಂದೈತಿ ನೋಡ್ರಿ” ಎಂದು ನಕ್ಕಳು.

“ಸ್ವಂತ ಆಫೀಸ್ ಈಗ ತಗದೀನಿ, ಇನ್ನೊಂದ್ ವರ್ಸ ಕೂಸಿನ್ನ ಇಟಗೋಬೇ ಯವ್ವಾ” ಎಂದೆಯಲ್ಲ, ಆಗುವುದಿಲ್ಲ. ಬರುವ ರವಿವಾರ ಬಂದು ಕರೆದುಕೊಂಡು ಹೋಗು. ನೀನು ವಕೀಲಿ ಬಿಡಬೇಕೆನ್ನುವವಳು ನಾನಲ್ಲ. ಬಿಟ್ಟರೆ ಅಲ್ಲಿಗೇ ಬಂದು ಬೈಯುತ್ತೇನೆ. ನಸುಕಿಗೆ ಎದ್ದು ಅಡುಗೆ, ಹಗಲೆಲ್ಲ ಕೋರ್ಟು, ಸಂಜೆ ಕಕ್ಷಿದಾರರು, ಆಮೇಲೆ ಪಾತ್ರೆ. ನಿನ್ನ ಕಣ್ಣ ಕೆಳಗಿನ ಕಪ್ಪು ನನಗೆ ಕಂಡಿದೆ. ಅಳಿಯಂದಿರಿಗೆ ಹೇಳು: ಐದಕ್ಕೇ ಕಚೇರಿ ಬಿಡುವವರು ಮಗಳ ಕೈಕಾಲು ತೊಳೆದು ಒಂದು ಕುಕ್ಕರ್ ಇಟ್ಟರೆ ಮೀಸೆ ಉದುರುವುದಿಲ್ಲ. ಕೊಪ್ಪಳದ ಭಾಗ್ಯನಗರದಲ್ಲಿ ನಿಮ್ಮ ಓಣಿಯಲ್ಲೇ ಅಂಗನವಾಡಿ ಇದೆಯಂತೆ.

“ಆಮೇಲೆ ನಿನಗೆ ಮಾತಿಗೆ ಯಾರು?” ಎಂದು ಕೇಳಬೇಡ. ಕೋಳಿಗಳಿವೆ. ತಿರುಗಿ ಮಾತಾಡುವುದಿಲ್ಲ, ಅಷ್ಟೇ.

ನಿನ್ನ ಮನೆ ತಣ್ಣಗಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಹುಲಗೆಮ್ಮ

ತಾ.ಕ.: ಬರೆಯಬಾರದೆಂದಿದ್ದೆ. ನೀನು ಕೇಳಿದ ಮೂರನೆಯ ದಿನ ಚಿನ್ಮಯಿಯನ್ನು ಕರೆದುಕೊಂಡು ಕೊಪ್ಪಳಕ್ಕೆ ಬಂದಿದ್ದೆ. “ಆಗಲಿ, ಇಟ್ಟುಕೊಳ್ಳುತ್ತೇನೆ” ಎಂದು ಎದುರಿಗೇ ಹೇಳಿ ನಿನ್ನ ಮುಖ ನೋಡುವ ಆಸೆ. ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತೆ. ನೀನು ಒಬ್ಬ ತಾಯಿಯ ಪರವಾಗಿ ನಿಂತಿದ್ದೆ. ಕೂಸು ಅವಳ ಅತ್ತೆಯ ಹತ್ತಿರ ಬೆಳೆಯುತ್ತಿತ್ತಂತೆ. ನೀನು ಆ ಅತ್ತೆಯನ್ನು ತೋರಿಸಿ, “ಸ್ವಾಮಿ, ನಾಲ್ಕಕ್ಷರ ಓದದ ಇಂಥ ಮುದುಕಿಯ ಕೈಯಲ್ಲಿ ಬೆಳೆದರೆ ಮಗುವಿನ ಭವಿಷ್ಯವೇನು?” ಎಂದೆ. ಆ ಮುದುಕಿ ಸೆರಗು ಹಿಡಿದುಕೊಂಡು ನಿಂತಿದ್ದಳು. ಚಿನ್ಮಯಿ ನಿನ್ನನ್ನು ಕೂಗುವ ಮೊದಲೇ ಅವಳ ಬಾಯಿ ಮುಚ್ಚಿ ಎತ್ತಿಕೊಂಡು ಹೊರಗೆ ಬಂದೆ.

ಅದು ನಿನ್ನ ಕೆಲಸದ ಮಾತು, ಗೊತ್ತು. ನೀನು ಗೆಲ್ಲಬೇಕು.

ಬಸ್ಸಿನಲ್ಲಿ ಚಿನ್ಮಯಿ ಕೇಳಿದಳು: “ಆಯೀ, ಅವ್ವ ನಿನಗ್ಯಾಕ ಬೈದ್ಲು?”

“ನನಗಲ್ಲಬೇ, ಬ್ಯಾರೆ ಆಯಿಗೆ” ಎಂದೆ. ಊರು ಬರುವತನಕ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದಳು.