ಹನ್ನೆರಡು ಮಕ್ಕಳ ಒಂದೇ ಅರ್ಜಿ

ಮನೆಯಿಂದ,
ಮಂಗಳವಾರ, ಹದಿನಾಲ್ಕನೆಯ ತಾರೀಖು

ಪ್ರೀತಿಯ ಮಗಳೇ,

ಜ್ವರ ಇಳಿಯಿತೆ? ಹೊಸ ಔಷಧಿ ಒಗ್ಗಿತೆ, ಎರಡು ತುತ್ತಾದರೂ ಸೇರುತ್ತಿದೆಯೆ? ಇಲ್ಲಿ ನಾನೂ ನಿನ್ನ ಮಗಳೂ ಕ್ಷೇಮವೆಂದು ಬರೆಯಲು ಕೈ ಏಳುತ್ತಿಲ್ಲ.

ಕಣ್ಣು ಮಂಜಾದ ಮಕ್ಕಳಿಗೆ ದಪ್ಪಕ್ಷರದಲ್ಲಿ ಓದುಬರಹ ಕಲಿಸುವ ಅವಳ ಟೀಚರನ್ನು ಶಾಲೆಯಿಂದ ತೆಗೆಯುತ್ತಾರಂತೆ. ಮಕ್ಕಳ ಅಹವಾಲೇನಾದರೂ ಇದ್ದರೆ ಪತ್ರದಲ್ಲಿ ತಿಳಿಸಲಿ ಎಂದು ಶಿಕ್ಷಣ ಕಚೇರಿಯವರು ಹೇಳಿಕಳಿಸಿದರು. ಓದಿದವರ ಮನಸ್ಸು ತಿರುಗುವಂತೆ ಬರೆಯುವುದನ್ನು ಕಲಿಸಿಕೊಡಿ ಎಂದು ಟೀಚರ್ ನನ್ನನ್ನೇ ಕರೆದರು. ಮೂವತ್ತೆಂಟು ವರ್ಷ ಅರ್ಜಿಗಳ ನಕಲು ತೆಗೆದವನು ನಾನು. ಎದೆ ಸೆಟೆಸಿಕೊಂಡೇ ಹೋದೆ. ಹನ್ನೆರಡು ಮಕ್ಕಳನ್ನೂ ಕೂರಿಸಿಕೊಂಡು, ‘ಘನತೆವೆತ್ತ ತಮ್ಮ ಸನ್ನಿಧಾನದಲ್ಲಿ ಅರ್ಜಿದಾರರಾದ ನಾವು’ ಎಂದು ಹೇಳಿ ಬರೆಸಿದೆ. ಒಂದಕ್ಷರ ಆಚೀಚೆಯಾದರೂ ಹಾಳೆ ಬದಲಿಸಿ ಮತ್ತೆ ಬರೆಸಿದೆ. ಮೂಗು ಕಾಗದಕ್ಕೆ ತಾಗಿಸಿಕೊಂಡು ಆ ಕೂಸುಗಳು ಮೂರು ದಿನ ಬರೆದವು. ನಿನ್ನ ಮಗಳು, ನಮ್ಮ ಮಾತಿನಮಲ್ಲಿ, ಮಾತ್ರ, ‘ತಾತ, ಟೀಚರ್ ಹೋದ್ರೆ ನಂಗೇನಾಗುತ್ತೆ ಅಂತ ಇದರಲ್ಲಿ ಎಲ್ಲೂ ಇಲ್ವಲ್ಲ?’ ಎಂದಳು. ‘ಅರ್ಜೀಲಿ ನಿನ್ನ ಪುರಾಣ ಯಾರು ಕೇಳ್ತಾರೆ? ಸುಮ್ನೆ ಬರಿ’ ಎಂದು ಗದರಿಸಿದೆ.

ನಿನ್ನೆ ಹನ್ನೆರಡೂ ವಾಪಸು ಬಂದವು. ‘ಒಬ್ಬರೇ ಬರೆಸಿದ ನಕಲುಗಳು; ಮಕ್ಕಳ ಅಹವಾಲೆಂದು ಪರಿಗಣಿಸಲಾಗದು’ ಎಂದು ಷರಾ. ಟೀಚರ್ ಹನ್ನೆರಡನ್ನೂ ಜೋಡಿಸಿಟ್ಟು, ‘ನನಗಾಗಿ ಇಷ್ಟು ಕಷ್ಟಪಟ್ಟಿರಿ’ ಎಂದು ನನಗೇ ಕೈಮುಗಿದರು. ಅದೇ ನನ್ನನ್ನು ಕೊಲ್ಲುತ್ತಿದೆ. ಶುಕ್ರವಾರ ತೀರ್ಮಾನ. ಗುಮಾಸ್ತನ ಕೈಕಾಲು ಹಿಡಿದೆ. ಗುರುವಾರ ಸಂಜೆಯೊಳಗೆ ಬೇರೆ ಪತ್ರಗಳನ್ನು ತಂದರೆ ಕಡತಕ್ಕೆ ಸೇರಿಸುವೆನೆಂದ. ಇಂದು ಬೆಳಿಗ್ಗೆ ಮಕ್ಕಳಿಗೆ, ನಿಮಗೆ ಅನ್ನಿಸಿದ್ದನ್ನೇ ಬರೆಯಿರಿ ಎಂದೆ. ಹನ್ನೊಂದು ಮಕ್ಕಳು, ‘ಏನು ಬರೀಬೇಕು ಹೇಳಿ ತಾತ’ ಎಂದು ನನ್ನ ಬಾಯನ್ನೇ ಕಾಯುತ್ತ ಕೂತವು. ಅಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದೇನೆ, ಮಗಳೇ. ಉಳಿದ ಎರಡು ದಿನದಲ್ಲಿ ಅದನ್ನು ಮರೆಸುವುದು ಹೇಗೆ? ದಾರಿ ಕಾಣದು.

ನಿನ್ನ ಮೈಗೆ ಬೇಗ ಬಲ ಬರಲಿ, ಎದ್ದು ಓಡಾಡುವಂತಾಗಲಿ ಎಂದು ಮನಸಾರೆ ಹರಸುವ,
ನಿನ್ನ ಅಪ್ಪ

ಅಂಚೆಯ ಹೊತ್ತಾಯಿತು, ಅವಸರದಲ್ಲಿ ಇಷ್ಟು. ಇಂದು ಬೆಳಿಗ್ಗೆ ತಾನಾಗಿ ಬರೆದವಳು ನಿನ್ನ ಮಗಳೊಬ್ಬಳೇ. ಅವಳ ಪತ್ರ ಹೀಗಿದೆ: ‘ಸಾರ್, ಆಸ್ಪತ್ರೆಯಿಂದ ಅಮ್ಮ ಕಾಗದ ಬರೀತಾಳೆ. ತಾತ ಓದಿ ಹೇಳ್ತಾರೆ. ಅಳು ಬರೋ ಜಾಗ ಬಂದ್ರೆ ಬಿಟ್ಟು ಓದ್ತಾರೆ. ಬಿಟ್ಟಿದ್ದನ್ನ ನಾನೇ ಓದ್ಕೋಬೇಕು. ನಂಗಿನ್ನೂ ಪೂರ್ತಿ ಬರಲ್ಲ. ಟೀಚರನ್ನ ಕಳಿಸಬೇಡಿ.’ ಒಂದಕ್ಷರವನ್ನೂ ತಿದ್ದದೆ ಕಚೇರಿಗೆ ಕೊಟ್ಟು ಬಂದೆ. ಇನ್ನು ಮೇಲೆ ಕಾಗದವನ್ನು ಅವಳಿಗೇ ಬರೆ, ತಾಯಿ. ದಪ್ಪಕ್ಷರದಲ್ಲಿ, ಡಾಕ್ಟರು ಹೇಳಿದ್ದನ್ನೂ ಸೇರಿಸಿ.