ಹಿಮ್ಮೇಳದ ಹನ್ನೊಂದು ಮಂದಿ

ಹೊಸ ತಿಪ್ಪಸಂದ್ರ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಹಂಸಕ್ಕನಿಗೆ,

ಜೈ ಭೀಮ್. ಅಪ್ಪ ಇದ್ದಿದ್ದರೆ ಮೊದಲು ಇದನ್ನು ಬರೆಸಿ, ಆಮೇಲಷ್ಟೇ ಕ್ಷೇಮಸಮಾಚಾರಕ್ಕೆ ಬಿಡುತ್ತಿದ್ದರು. ನಾನು ಕ್ಷೇಮ. ಅಂದರೆ ಎರಡು ಹೊತ್ತು ಊಟ, ಒಂದು ಹೊತ್ತು ನೋಟ. ನಿನ್ನ ಐದು ಫೋನಿಗೂ 'ಆಮೇಲೆ ಮಾಡ್ತೀನಿ' ಎಂದು ಮೆಸೇಜು ಹಾಕಿ ಸುಮ್ಮನಾದೆ, ಕ್ಷಮಿಸು. ಆ 'ಆಮೇಲೆ' ಈಗ ಬಂದಿದೆ, ಅದೂ ಅಂಚೆಯಲ್ಲಿ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ನಿನ್ನ ಮುಂದೆ ಯಾರ ಮಾತೂ ಕೊನೆಯ ಸ್ಟಾಪು ಮುಟ್ಟುವುದಿಲ್ಲ. ಕಾಗದದಲ್ಲಾದರೆ ನೀನು ನಡುವೆ ಸೀಟಿ ಊದಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಿನ್ನ ಮಂಡಿ ಹೇಗಿದೆ? ಬಂಗಾರಪೇಟೆಯ ಡಾಕ್ಟರು ಬರೆದುಕೊಟ್ಟ ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀಯ ತಾನೆ? ಇದನ್ನು ಸುಮ್ಮನೆ ಕೇಳುತ್ತಿಲ್ಲ. ಮುಂದೆ ಓದಿದರೆ ಗೊತ್ತಾಗುತ್ತದೆ.

ಇಲ್ಲಿ ಎಲ್ಲ ಹಾಗೇ ಇದೆ. ಮಾರ್ಕೆಟ್ ರಸ್ತೆಯ ಅದೇ ಮಹಡಿ ಕೋಣೆ, ಕೆಳಗೆ ಅದೇ ಸೀರೆಗೆ ಫಾಲ್ಸ್ ಹೊಲಿಯುವ ಅಂಗಡಿ. ನಾನು ಹಾರ್ಮೋನಿಯಂ ರೆಕಾರ್ಡು ಮಾಡಲು ಕೂತಾಗಲೇ ಅವರಿಗೆ ಮದುವೆ ಆರ್ಡರು ಬರುತ್ತದೆ. ನಮ್ಮ 'ಹಿಮ್ಮೇಳ' ಆ್ಯಪಿನ ಕಪ್ಪು ಎರಡನೇ ಮನೆಯ ಸ್ವರವನ್ನು ಕಿವಿಗೊಟ್ಟು ಕೇಳಿದರೆ ಅದರ ಹಿಂದೆ ಸಣ್ಣಗೆ ಹೊಲಿಗೆ ಮೆಷಿನ್ನಿನ ತಾಳ ಇದೆ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಗುರುತಿಸಲಿಲ್ಲ. ಕೇಳಿದವರಿದ್ದರೆ ತಾನೆ ಗುರುತಿಸಲು? ಆದರೆ ನಾನು ಕಥೆಯ ಕೊನೆಯನ್ನು ಮೊದಲೇ ಹೇಳುತ್ತಿದ್ದೇನೆ.

ಹಿಮ್ಮೇಳವನ್ನು ನಾನು ಯಾಕೆ ಮಾಡಿದೆ ಎಂಬುದು ನಿನಗೆ ಹೊಸದಾಗಿ ಹೇಳಬೇಕಿಲ್ಲ. ಆದರೂ ಬರೆಯುತ್ತೇನೆ. ಕಳೆದ ಒಂದು ವರ್ಷದಲ್ಲಿ ಇದನ್ನು ಇಂಗ್ಲಿಷಿನಲ್ಲಿ ಹೇಳಿ ಹೇಳಿ ನನಗೇ ನಂಬಿಕೆ ಹೋಗಿದೆ. ಹಲಸೂರಿನ ಬುದ್ಧವಿಹಾರದಲ್ಲಿ ಅಮ್ಮ ಹಾಡುವಾಗ ಎರಡನೇ ನುಡಿಗೆ ಶ್ರುತಿ ಮೇಲೇರುತ್ತಿತ್ತು, ನಾಲ್ಕನೆಯದಕ್ಕೆ ಇನ್ನೂ ಮೇಲೆ. ಮುನಿಕೃಷ್ಣಪ್ಪ ಮಾಮ ಹಾರ್ಮೋನಿಯಂ ನಿಲ್ಲಿಸದೆ, ಬೆರಳನ್ನು ಮುಂದಿನ ಮನೆಗೆ ಜಾರಿಸಿ, "ಮಂಜುಳಮ್ಮಾ, ಇನ್ನೆಲ್ಲಿಗೆ ಕರ್ಕೊಂಡೋಗ್ತೀಯ ತಾಯಿ, ನನ್ನ ಪೆಟ್ಟೀಲಿ ಮನೆ ಮುಗೀತು!" ಅನ್ನುತ್ತಿದ್ದ. ಅಮ್ಮ ನಗುತ್ತಲೇ ಹಾಡುತ್ತಿದ್ದಳು. ಹಿಂದೆ ನೀನು, ನಿನ್ನ ಹಿಂದೆ ಮೂಗು ಸೋರುವ ನಾನು. ಆಮೇಲೆ ಯಾವುದೋ ಸ್ಪರ್ಧೆಯಲ್ಲಿ ಒಬ್ಬ ತೀರ್ಪುಗಾರ ಅಮ್ಮನಿಗೆ "ನಿಮ್ಗೆ ಶ್ರುತಿಜ್ಞಾನ ಇಲ್ಲ" ಎಂದ. ಅಂದಿನಿಂದ ಅಮ್ಮ ಪಾತ್ರೆ ತೊಳೆಯುವಾಗಲೂ ಬಾಯಿ ತೆರೆಯಲಿಲ್ಲ. ಮಾರುಕಟ್ಟೆಯಲ್ಲಿರುವ ಶ್ರುತಿಪೆಟ್ಟಿಗೆಯ ಸಾಫ್ಟ್‌ವೇರುಗಳೆಲ್ಲ ಆ ತೀರ್ಪುಗಾರನ ಮಕ್ಕಳು. ತಾವು ನಿಂತಲ್ಲೇ ನಿಂತು, ಹಾಡುವವರನ್ನು 'ಇಲ್ಲಿಗೆ ಬಾ' ಅನ್ನುತ್ತವೆ. ನನ್ನದು ಮುನಿಕೃಷ್ಣಪ್ಪ ಮಾಮನ ಮಗ. ಹಾಡುವವರು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತದೆ.

ಇದನ್ನು ಹಿಡಿದು ಏಳು ವರ್ಷವಾಯಿತು, ಜನರ ಕೈಗೆ ಕೊಟ್ಟು ನಾಲ್ಕು. ಇದಕ್ಕೆ ಹಣ ಹಾಕುವವರನ್ನು ಹುಡುಕಲು ಅದರಲ್ಲಿ ಮೂರು ವರ್ಷ ಹೋಯಿತು. ಸಂಸ್ಕೃತಿಯ ಒಂದು ಕಚೇರಿಗೆ ಹೋದೆ, ಇದು ಯಂತ್ರ ಅಂದರು. ಯಂತ್ರದ ಕಚೇರಿಗೆ ಹೋದೆ, ಇದು ಬರೀ ಹಾಡಿನ ತಂತ್ರ ಅಂದರು. ಕೊನೆಗೆ ಇಬ್ಬರೂ ಸೇರಿ ನಾಳೆ ಬನ್ನಿ ಎಂಬ ಮಂತ್ರ ಹೇಳಿದರು. ನೀನು ನಗುತ್ತೀಯ. ನಾನೂ ಆಗ ನಕ್ಕಿದ್ದೆ. ಈಗ ಪ್ರಾಸ ಮಾತ್ರ ಬರುತ್ತದೆ, ನಗು ಬರುವುದಿಲ್ಲ.

ಅಕ್ಟೋಬರ್ ಮೊದಲ ವಾರ ಇಂದಿರಾನಗರದ ಒಂದು ಕಾಫಿ ಅಂಗಡಿಯಲ್ಲಿ ನಿತೀಶ್ ಎಂಬ ಹುಡುಗ ಸಿಕ್ಕ. ಹುಡುಗ ಎಂದರೆ ಮೂವತ್ತು ದಾಟಿದವನೇ. ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ಸಂಸ್ಥೆಯಲ್ಲಿದ್ದಾನೆ. ಒಳ್ಳೆಯವನು, ಪೂರ್ತಿ ಒಂದು ಗಂಟೆ ಕೇಳಿಸಿಕೊಂಡ. ನಾನು ಅಲ್ಲೇ ಅಮ್ಮನ ಒಂದು ಸಾಲು ಗುನುಗಿ ತೋರಿಸಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಸರ್, ಪ್ರಾಡಕ್ಟ್ ಸಕ್ಕತ್ತಾಗಿದೆ. ಆದ್ರೆ ಇದು ಸ್ಕೇಲ್ ಆಗಲ್ಲ ಸರ್, ದೊಡ್ಡದಾಗಿ ಬೆಳೆಯಲ್ಲ," ಅಂದ.

"ಯಾಕಪ್ಪಾ?"

"ಹಾಡೋರ ಮೇಲೆ ಡಿಪೆಂಡ್ ಆಗಿದೆ ಅಲ್ವಾ? ಜನ ಈಗ ಕೇಳ್ತಾರೆ, ಹಾಡಲ್ಲ. ಹಾಡೋರನ್ನ ತೆಗೆದ್ಬಿಟ್ಟು ಎಐ ಕೈಲಿ ಹಾಡಿಸಿದ್ರೆ ನಾಳೇನೇ ಚೆಕ್ ಬರೀತಾರೆ."

ಮದುವೆ ಚೆನ್ನಾಗಿದೆ, ಹೆಣ್ಣು-ಗಂಡು ಇಬ್ಬರನ್ನು ತೆಗೆದರೆ ಊಟ ಉಳಿಯುತ್ತದೆ ಎಂದ ಹಾಗಿತ್ತು. ಹಾಗೆಂದೇ ಹೇಳಿದೆ. ಅವನು ಜೋರಾಗಿ ನಕ್ಕ. ನಕ್ಕಿದ್ದರಿಂದಲೇ ಇರಬೇಕು, ಸ್ವಲ್ಪ ಕರಗಿದ. "ನಿಮ್ಗೆ ದುಡ್ಡು ಕೊಡೋರು ಎಷ್ಟು ಜನ ಸರ್?" ಎಂದು ಕೇಳಿದ.

"ಹನ್ನೊಂದು."

"ಹನ್ನೊಂದು ಸಾವಿರ?"

"ಹನ್ನೊಂದು."

ಅವನು ಕಪ್ಪನ್ನು ಪಕ್ಕಕ್ಕಿಟ್ಟು ಮೊಬೈಲಿನಲ್ಲಿ ತಾರೀಕು ನೋಡಿದ. "ಸರಿ ಸರ್, ಒಂದು ಕೆಲ್ಸ ಮಾಡಿ. ಆ ಹನ್ನೊಂದರಲ್ಲಿ ಮೂರು ಜನನ್ನ ಕರ್ಕೊಂಡು ಬನ್ನಿ, ಮೂವತ್ತನೇ ತಾರೀಕು ಗುರುವಾರ. ನಮ್ ಪಾರ್ಟ್ನರ್ಸ್ ಮುಂದೆ ಕೂತು 'ಇದಿಲ್ದೆ ನಮ್ಗಾಗಲ್ಲ' ಅಂತ ಅವ್ರು ಹೇಳ್ಲಿ. ಉಳಿದಿದ್ದು ನಾನು ನೋಡ್ಕೋತೀನಿ."

ಅಕ್ಕ, ನಾನು ಆ ದಿನ ಹೊಸ ತಿಪ್ಪಸಂದ್ರದವರೆಗೂ ನಡೆದೇ ಬಂದೆ, ಆಟೋ ಹತ್ತಬೇಕೆಂದು ಅನಿಸಲೇ ಇಲ್ಲ. ಮೂರು ಜನ! ನನ್ನ ಬಳಿ ಹನ್ನೊಂದು ಇದ್ದರು. ಅದರಲ್ಲೂ ಕೆ.ಆರ್. ಪುರದ ಸಾಬಮ್ಮ. 'ಹಾರ್ಮೋನಿಯಂ ಬಲು ಬೇಗ ಓಡುತ್ತದೆ, ವಯಸ್ಸಾದವರು ಹತ್ತುವವರೆಗೂ ಕಾಯಬೇಕು' ಎಂದು ಬರೆದವಳು. ಅವಳ ಮಾತಿಗೆ ನಾಲ್ಕು ತಿಂಗಳು ಕೂತು ಅದನ್ನು ನಿಧಾನಗೊಳಿಸಿದ್ದೆ. ಮತ್ತೆ ಶಿವಾಜಿನಗರದ ಅಬ್ದುಲ್. 'ಗಂಡಸರ ದನಿಗೆ ಕೆಳಗಡೆ ಜಾಗ ಸಾಲದು, ಸ್ವಲ್ಪ ಹಿಂದೆ ಜರುಗಿಸಿ' ಎಂದವನು. ಅವನಿಗಾಗಿ ಒಂದು ಇಡೀ ಸಪ್ತಕವನ್ನೇ ಹೊಸದಾಗಿ ರೆಕಾರ್ಡು ಮಾಡಿದ್ದೆ. ಇಬ್ಬರ ಮಾತಿನಲ್ಲೂ ಬಸ್ಸಿನ ವಾಸನೆ ಇದೆಯಲ್ಲ ಎಂದು ನನಗೆ ನಾಲ್ಕು ವರ್ಷ ಹೊಳೆಯಲೇ ಇಲ್ಲ ನೋಡು.

ಎಲ್ಲರಿಗೂ ಇಮೇಲು ಕಳಿಸಿದೆ. ಯಾರೂ ಉತ್ತರಿಸಲಿಲ್ಲ. ಆ ವಾರವೇ ನೀನು ಫೋನಿನ ಮೇಲೆ ಫೋನು ಮಾಡಿದ್ದು. ಅಕ್ಕನದು ದಸರೆಗೆ ಬರಲಿಲ್ಲವೆಂಬ ಬೈಗುಳ ಇರಬೇಕೆಂದು ನಾನು ಎತ್ತಲಿಲ್ಲ.

ಪಟ್ಟಿಯಲ್ಲಿ ವಿಳಾಸ ಇದ್ದವರು ಮಹದೇವಪುರದ ಬೈಲಪ್ಪನವರೊಬ್ಬರೇ. ಹೋದೆ. ರಿಂಗ್ ರಸ್ತೆಯ ಹಿಂದೆ, ಅವರ ರಾಗಿ ಹೊಲ ಇದ್ದ ಕಡೆ ಈಗ ಮೂರು ಬಿಲ್ಡಿಂಗು ಬಾಡಿಗೆಗೆ ಎದ್ದಿವೆ. ಹಜಾರದಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿ, ಕೊನೆಗೆ ತೊಡೆ ತಟ್ಟಿಕೊಂಡರು.

"ಓಹೋ! ತಿಂಗಳಾ ತಿಂಗಳಾ ತೊಂಬತ್ತೊಂಬತ್ತು ರೂಪಾಯಿ ಕಟ್ಟಾಗ್ತದಲ್ಲ, ಅದು ನೀನೇನಪ್ಪಾ? ನಾನು ಕೇಬಲ್‌ನೋನು ಅಂದ್ಕೊಂಡು ಅವನನ್ನ ಬೈತಾ ಇದ್ದೆ!"

"ನೀವು ಹಾಡಲ್ವಾ ಯಜಮಾನ್ರೇ?"

"ಭಜನೆ ಮಂಡ್ಳಿ ಇತ್ತು ಕಣಪ್ಪ. ಮಂಡ್ಳಿ ಮನೇನೇ ಅಪಾರ್ಟ್‌ಮೆಂಟ್ ಆಯ್ತು. ಈಗ ಲಿಫ್ಟಲ್ಲಿ ಒಂದು ಹುಡುಗಿ ಮಾತಾಡ್ತದೆ, ಅದನ್ನೇ ಕೇಳ್ಕೊಂಡು ಹತ್ತೋದು ಇಳಿಯೋದು." ಆಮೇಲೆ ಮೊಬೈಲನ್ನು ನನ್ನ ಕೈಗೇ ಕೊಟ್ಟು, "ಬಂದಿದ್ದೀಯಲ್ಲ, ಅದನ್ನ ಹೆಂಗೆ ನಿಲ್ಸೋದು ಹೇಳ್ಕೊಟ್ಟು ಹೋಗು," ಅಂದರು.

ಹೇಳಿಕೊಟ್ಟೆ ಅಕ್ಕ. ನನ್ನ ಕೈಯಾರೆ ನಾನೇ ಒತ್ತಿ ಹನ್ನೊಂದನ್ನು ಹತ್ತು ಮಾಡಿಕೊಂಡು ಬಂದೆ.

ಮನೆಗೆ ಬಂದು, ಸಾಬಮ್ಮನ ಫೋನ್ ನಂಬರಾದರೂ ಸಿಕ್ಕೀತೆಂದು ಹಣ ಬರುವ ಬ್ಯಾಂಕಿನ ಪುಟ ತೆರೆದೆ. ನಾಲ್ಕು ವರ್ಷದಲ್ಲಿ ಅದನ್ನು ನಾನು ಬಿಡಿಸಿ ನೋಡಿದವನೇ ಅಲ್ಲ. ಮೊತ್ತ ನೋಡಿದರೆ ನಿದ್ದೆ ಬರುವುದಿಲ್ಲವೆಂದು. ಸಾಬಮ್ಮನ ಮುಂದೆ ಖಾತೆದಾರರ ಹೆಸರು: ಹಂಸ ಎಂ., ಬಂಗಾರಪೇಟೆ. ತಪ್ಪಿರಬೇಕೆಂದು ಅಬ್ದುಲ್‌ನನ್ನು ಒತ್ತಿದೆ. ಹಂಸ ಎಂ. ಇಂದಿರಾನಗರದ ಶ್ರೀನಾಥ್, ಹಂಸ ಎಂ. ಹಲಸೂರಿನ ಅಣ್ಣಮ್ಮ, ಹಂಸ ಎಂ. ಒಟ್ಟು ಏಳು ಜನ. ನಿನ್ನ ಹಳೆಯ ಶಿವಾಜಿನಗರ–ಕೆ.ಆರ್. ಪುರ ರೂಟಿನವರನ್ನೆಲ್ಲ ಸ್ಟಾಪಿಗೊಬ್ಬರಂತೆ ನನ್ನ ಪಟ್ಟಿಗೆ ಹತ್ತಿಸಿಬಿಟ್ಟಿದ್ದೆ. ಉಳಿದವರಲ್ಲಿ ಒಬ್ಬ ನಾನೇ, ಹಣ ಸರಿಯಾಗಿ ಬರುತ್ತದೋ ನೋಡಲು ಸೇರಿಕೊಂಡಿದ್ದು. ಒಬ್ಬ ಕಾಲೇಜಿನ ಗೆಳೆಯ ಮುತ್ತುರಾಜ್. ಅವನಿಗೆ ಹಾಡು ಬಾರದು, ದಾಕ್ಷಿಣ್ಯ ಬರುತ್ತದೆ. ಒಬ್ಬರ ನಂಬರು ಅಸ್ತಿತ್ವದಲ್ಲಿಲ್ಲ. ಇನ್ನೊಬ್ಬರಿಗೆ ನಿಲ್ಲಿಸುವುದು ಹೇಗೆಂದು ಆಗಷ್ಟೇ ಕಲಿಸಿ ಬಂದಿದ್ದೆ. ಪುಕ್ಕಟೆ ಇಳಿಸಿಕೊಂಡವರು ಆರು ನೂರು ಜನ ಇದ್ದಾರೆ. ಒಮ್ಮೆ ತೆರೆದು, 'ಸಿನಿಮಾ ಹಾಡಿಲ್ವಾ?' ಎಂದು ಕೇಳಿ ಹೋದವರು.

ನಾನು ಮಹಾ ಕವಿಯಲ್ಲವೇ? ಆ ಹೊತ್ತಿಗೂ ಒಂದು ಬಂತು:

ಊರಿಗೆಲ್ಲ ಹಿಮ್ಮೇಳ ಕಟ್ಟಿ ಕೂತೆ ನಾನಿಲ್ಲಿ,
ಹಿಂದೆ ತಿರುಗಿ ನೋಡಿದರೆ ಅಕ್ಕ ಒಬ್ಬಳೇ ಅಲ್ಲಿ.

ಕೋಪ ಬರಲಿಲ್ಲ. ನಿನ್ನ ಮಾತ್ರೆಯ ದುಡ್ಡು ನೆನಪಾಯಿತು. ಏಳು ಇಮೇಲು ಮಾಡಿಕೊಟ್ಟದ್ದು ತೇಜಶ್ರೀಯೇ ಇರಬೇಕು. ಮಗಳಿಗೆ ಬೈಯಬೇಡ, ಕೆಲಸ ಅಚ್ಚುಕಟ್ಟಾಗಿದೆ. ಕೋಪ ಬಂದದ್ದು ಆಮೇಲೆ, ಇನ್ನೊಂದು ಪುಟ ತೆರೆದಾಗ. ಯಾರು ಏನು ಹಾಡಿದರೆಂದು ಹಿಮ್ಮೇಳ ಕೇಳಿಟ್ಟುಕೊಳ್ಳುವುದಿಲ್ಲ. ಎಷ್ಟು ನಿಮಿಷ ಎಂದು ಮಾತ್ರ ಬರೆದಿಡುತ್ತದೆ. ನಿನ್ನ ಏಳೂ ಜನರ ಮುಂದೆ ಸೊನ್ನೆ. ನಾಲ್ಕು ವರ್ಷ ಕಟ್ಟಿದ್ದೀಯ, ಒಂದು ನಿಮಿಷ ಹಾಡಿಲ್ಲ. ಅಮ್ಮನ ಹಿಂದೆ ನಿಂತು ಹಾಡಿದವಳು ನೀನು. ಕೊನೆಗೆ ನೀನಾದರೂ ಹಾಡಬಹುದಿತ್ತು.

ನಿತೀಶನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು, "ಸರ್, ನಿಮ್ಮಕ್ಕನ್ನೇ ಕರ್ಕೊಂಡು ಬನ್ನಿ. ಸಾಬಮ್ಮ ಅಂತಾನೇ ಕೂರ್ಲಿ. ಯಾರಿಗ್ ಗೊತ್ತಾಗತ್ತೆ?" ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಕರೆದಿದ್ದರೆ ನೀನು ಮಂಡಿಗೆ ಪಟ್ಟಿ ಸುತ್ತಿಕೊಂಡು ಮೊದಲ ರೈಲಿಗೇ ಬರುತ್ತಿದ್ದೆ. ಸಾಬಮ್ಮನಾಗಿ ಅಳುತ್ತಲೂ ಇದ್ದೆ. ಅದಕ್ಕೇ ಕರೆಯಲಿಲ್ಲ. ಹಾಡದವರನ್ನು ಹಾಡುವವರೆಂದು ಕೂರಿಸುವುದಾದರೆ, ಅವನು ಮೊದಲ ದಿನವೇ ಹೇಳಿದ ಯಂತ್ರದ ಹಾಡು ಏನು ತಪ್ಪು ಮಾಡಿತ್ತು? ಆ ಗುರುವಾರ ನಾನು ಮನೆಯಲ್ಲಿದ್ದು ಬಟ್ಟೆ ಒಗೆದೆ.

ಈ ತಿಂಗಳ ಕೊನೆಗೆ ಹಿಮ್ಮೇಳ ನಿಲ್ಲುತ್ತದೆ. ಹದಿನೇಳನೇ ತಾರೀಕು ಸೋಮವಾರದಿಂದ ನನಗೆ ದೊಡ್ಡನೆಕ್ಕುಂದಿಯಲ್ಲಿ ಕೆಲಸ. ಲಿಫ್ಟ್ ತಯಾರಿಸುವ ಕಾರ್ಖಾನೆ. 'ಬಾಗಿಲು ಮುಚ್ಚುತ್ತಿದೆ' ಎನ್ನುವ ದನಿ, ಮಹಡಿ ಬಂದಾಗಿನ ಟಿಂಗ್, ಇವನ್ನೆಲ್ಲ ಸರಿಮಾಡುವುದು. ಬೈಲಪ್ಪನವರನ್ನು ಹತ್ತಿಸಿ ಇಳಿಸುವ ಹುಡುಗಿ ಇನ್ನು ಮುಂದೆ ನನ್ನ ಮೇಲ್ವಿಚಾರಣೆಯಲ್ಲಿ. ಸಂಬಳ ಒಂದನೇ ತಾರೀಕಿಗೆ ಬರುತ್ತದಂತೆ. ಬಹಳ ಸುಸ್ತಾಗಿದೆ ಅಕ್ಕ, ಆದರೆ ಸುಸ್ತಾದವನಿಗೆ ಕುರ್ಚಿ ಸಿಕ್ಕಿದೆ. ಚಿಂತೆ ಮಾಡಬೇಡ.

ನಿನ್ನ ಏಳು ಖಾತೆಯನ್ನೂ ನಿಲ್ಲಿಸಿದ್ದೇನೆ. ಎಂಟನೆಯದೊಂದನ್ನು ನಿನ್ನದೇ ಹೆಸರಿನಲ್ಲಿ ತೆರೆದಿದ್ದೇನೆ, ಕಾಸಿಲ್ಲ. ಮೂವತ್ತನೇ ತಾರೀಕಿನೊಳಗೆ ಒಂದು ಸಲ ಹಾಡು. ಎಷ್ಟು ಮೇಲಕ್ಕೆ ಹೋದರೂ ಅದು ಬರುತ್ತದೆ. ನಾನು ಪರೀಕ್ಷೆ ಮಾಡಿದ್ದೇನೆ.

ಭಾವನಿಗೆ ನಮಸ್ಕಾರ. ತೇಜಶ್ರೀಗೆ ಆಶೀರ್ವಾದ, ಆಯಸ್ಸು, ಒಳ್ಳೆಯ ಕೆಲಸ. ನಿನ್ನ ಕೈ ನನ್ನ ತಲೆಯ ಮೇಲಿದ್ದೇ ಇದೆ. ಈಗ ತೆಗೆದು ಸ್ವಲ್ಪ ಮಂಡಿಯ ಮೇಲಿಟ್ಟುಕೋ.

ನಿನ್ನ ತಮ್ಮ,
ಸುಗತ

ಮರೆತಿದ್ದೆ: ನಿಜ ಹೇಳಬೇಕೆಂದರೆ ಮರೆತಿರಲಿಲ್ಲ. ಮೇಲಿನ ಆರು ಹಾಳೆಯೂ ಇದನ್ನು ಕೇಳಲು ಧೈರ್ಯ ಬರಲಿ ಎಂದೇ ಬರೆದದ್ದು. ಎರಡು ವರ್ಷದ ಹಿಂದೆ ನಾನು ನಿನಗೆ ಫೋನ್ ಮಾಡಿ, "ಸಾಕಾಯ್ತು ಅಕ್ಕ, ಮುಚ್ಬಿಡ್ತೀನಿ" ಅಂದಿದ್ದೆ, ನೆನಪಿದೆಯಾ? ಮಾರನೆಯ ಬೆಳಿಗ್ಗೆ ಪೂಜಿತಾ ಎನ್ನುವವರಿಂದ ಒಂದು ಸಂದೇಶ ಬಂತು. ಖಾತೆ ಇಲ್ಲ, ವಿಳಾಸ ಇಲ್ಲ, ಬರೀ ಹೆಸರು ಮತ್ತು ಕೆ.ಆರ್. ಪುರ. 'ಬಾಣಂತಿ ನಾನು. ನನ್ನ ದನಿ ನಿಂತಲ್ಲಿ ನಿಲ್ಲುವುದಿಲ್ಲ ಎಂದು ಮನೆಯಲ್ಲಿ ನಗುತ್ತಾರೆ. ನಿಮ್ಮ ಹಾರ್ಮೋನಿಯಂ ನಗದೆ ಜೊತೆಗೆ ಬರುತ್ತದೆ. ಮಗು ಮಲಗುತ್ತದೆ.' ಅದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದೆ. ಆಗಲೂ ಇದೇ ಲಿಫ್ಟಿನ ಕೆಲಸ ಕರೆದಿತ್ತು, ಬೇಡವೆಂದೆ. ಈ ಎರಡು ವರ್ಷ ನಾನು ಉಂಡದ್ದು ಆ ನಾಲ್ಕು ಸಾಲನ್ನು.

ಅದು ನೀನಾ ಅಕ್ಕ?

ಉತ್ತರ ಬರೆಯಬೇಡ. ನಾನು ಬಂದಾಗ ನೀನಾಗಿ ಹೇಳಲೂ ಬೇಡ, ನಾನು ಕೇಳಿದರೂ ಹೇಳಬೇಡ. ಕೆ.ಆರ್. ಪುರದಲ್ಲಿ ಒಂದು ಮಗು ಹಾಗೆ ಮಲಗಿತ್ತು ಎಂದುಕೊಂಡೇ ನಾನು ಆ ಸೋಮವಾರ ಕೆಲಸಕ್ಕೆ ಹೋಗುತ್ತೇನೆ.