ನಾನು ಗೆಲ್ಲುತ್ತಿದ್ದ ವಾದವನ್ನು ನಿಲ್ಲಿಸಿದವರಿಗೆ

ವಿದ್ಯಾರ್ಥಿ ಕ್ಷೇಮಾಧಿಕಾರಿಗಳಾದ ಮಾನ್ಯರೇ,

ತಾವು ನನ್ನನ್ನು ಕಾಪಾಡಿದ್ದೀರಂತೆ! ಯಾರಿಂದ ಎಂದು ತಿಳಿಯಲು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹಾಸ್ಟೆಲಿನ ಸೂಚನಾ ಫಲಕದ ತನಕ ಓಡಿದೆ. 'ಧಾರ್ಮಿಕ ಒತ್ತಡಕ್ಕೆ ಒಳಗಾದ ವಿದ್ಯಾರ್ಥಿನಿಯ ಹಿತದೃಷ್ಟಿಯಿಂದ' ನನ್ನ ರೂಮಿನ ಕ್ರೈಸ್ತ ಗೆಳತಿಯನ್ನು ಸೋಮವಾರ ಇನ್ನೊಂದು ಕಟ್ಟಡಕ್ಕೆ ಕಳಿಸಲಾಗುವುದು ಎಂದಿತ್ತು. ಒತ್ತಡಕ್ಕೊಳಗಾದ ಆ ಬಡಪಾಯಿ ನಾನೇ ಎಂದು ಹೊಳೆದಾಗ ನಗು ತಡೆಯಲಾಗದೆ ಪೇಸ್ಟ್ ನುಂಗಿಬಿಟ್ಟೆ. ಸಿಟ್ಟು ಬಂದದ್ದು ಆಮೇಲೆ.

ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ವಾರ್ಡನ್ ಕಿವಿಗೆ ಬಿದ್ದು ದೂರಿಗೆ ಕಾರಣವಾದ ಆ ಕಿರುಚಾಟ ಇದೆಯಲ್ಲ, ಅದಷ್ಟೂ ನನ್ನದು. ಸತ್ತವರು ಎದ್ದು ಬರುವುದು ಸಾಧ್ಯವೇ ಇಲ್ಲ ಎಂದು ಒದ್ದೆ ಬೆಡ್‌ಶೀಟ್ ಬೀಸಿ ಬೀಸಿ ವಾದಿಸುತ್ತಿದ್ದೆ. ನಾನು ದೇವರನ್ನು ನಂಬದ ಮನೆಯ ಮಗಳು. ಬಸ್ಸು ಓಡಿಸುವ ನಮ್ಮಪ್ಪ ಪ್ರಯಾಣಿಕರ ಹತ್ತಿರವೂ ಇದೇ ಜಗಳ ತೆಗೆಯುವವರು. ತಾವು ಕಳಿಸುತ್ತಿರುವ ಆ ಗೆಳತಿ ಐದಡಿಯೂ ಇಲ್ಲ, ನಾವು ಗುಬ್ಬಿ ಎನ್ನುತ್ತೇವೆ. ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡು ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ರೂಮಿನ ಮೂರನೆಯವಳು, ಐದು ಹೊತ್ತೂ ನಮಾಜು ಮಾಡುವ ನಮ್ಮ ಅಂಪೈರು, "ಒಬ್ಬೊಬ್ರಾಗಿ ಮಾತಾಡ್ರೇ, ನನ್ನ ಸರದೀನೂ ಇದೆ!" ಎಂದು ಬಕೆಟ್ ಬಡಿಯುತ್ತಿದ್ದಳು. ಮಾನ್ಯರೇ, ನಾನು ಗೆಲ್ಲುತ್ತಿದ್ದೆ! ಸರಿಯಾಗಿ ಅದೇ ಹೊತ್ತಿಗೆ ತಮಗೆ ನನ್ನ ಮೇಲೆ ಕನಿಕರ ಹುಟ್ಟಬೇಕೇ?

ನಮ್ಮ ರೂಮಿಗೊಂದು ಕಟ್ಟಳೆಯಿದೆ. ಯಾರೂ ಕೇಳದೆ ತನ್ನ ದೇವರ ವಿಷಯ ಎತ್ತುವಂತಿಲ್ಲ; ಎತ್ತಿದ ಮೇಲೆ ಉಳಿದವರ ಮಾತು ಪೂರ್ತಿ ಕೇಳದೆ ಏಳುವಂತಿಲ್ಲ. ಇದನ್ನು ತಂದವಳೇ ಗುಬ್ಬಿ. ಮೊದಲ ವರ್ಷದಲ್ಲಿ ಅವಳ ಪ್ರಾರ್ಥನಾ ಗುಂಪಿನ ಸೀನಿಯರ್ ಒಬ್ಬಳು ನನ್ನ ದಿಂಬಿನ ಮೇಲೆ ಕರಪತ್ರ ಇಟ್ಟು ಹೋದಾಗ, ಗುಬ್ಬಿ ಅದನ್ನು ವಾಪಸು ಕೊಟ್ಟು, "ಅಕ್ಕಾ, ಮಲಗೋ ಜಾಗಕ್ಕೆಲ್ಲ ಬಂದು ಹೀಗೆ ಮಾಡ್ಬೇಡಿ. ಅವಳಾಗೇ ಕೇಳಿದ್ರೆ ನಾನು ಹೇಳ್ತೀನಿ" ಎಂದಳು. ಆಹಾ, ಎಂಥ ಭಯಂಕರ ಒತ್ತಡ!

ಹೋದ ಸೆಮಿಸ್ಟರಿನಲ್ಲಿ ಅಮ್ಮನಿಗೆ ಆಪರೇಷನ್ ಆಯಿತು. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತು ಗುಬ್ಬಿ ಕೇಳಿದಳು: "ಅಮ್ಮನಿಗೋಸ್ಕರ ಪ್ರಾರ್ಥನೆ ಮಾಡ್ಲಾ?"

"ಬೇಡ."

"ಸರಿ ಕಣೆ," ಎಂದು ನನ್ನ ಜಡೆ ಬಿಚ್ಚಿ ಹೆಣೆಯತೊಡಗಿದಳು. ಡಾಕ್ಟರು ಹೊರಗೆ ಬರುವ ತನಕ ಬಿಚ್ಚುವುದು, ಹೆಣೆಯುವುದು, ಅಷ್ಟೇ. ದೇವರ ಮಾತೇ ಇಲ್ಲ. ಹೆದರಿ ಮುದುಡಿದ್ದ ನನ್ನನ್ನು ಒಲಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿತ್ತೇ? ಅವಳ ಯೇಸುವಿನ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದೇ ಅವತ್ತು. ಮಾರನೆಯ ದಿನ ನಾನೇ ಕೇಳಿದೆ, ಅವಳು ಹೇಳಿದಳು, ನಾನು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಅವಳಿಗೆ ಅದರಿಂದ ಬೇಜಾರಿದೆ, ಅದನ್ನೂ ನನಗೇ ಹೇಳುತ್ತಾಳೆ. ನನಗೆ ಅವಳೆಂದರೆ ಪ್ರಾಣ.

ಅಮ್ಮನ ಆಪರೇಷನ್ ನಡೆಯುವಾಗಲೂ ಪ್ರಾರ್ಥಿಸಲು ಅವಳು ನನ್ನ ಒಪ್ಪಿಗೆ ಕೇಳಿದಳು. ನನ್ನ ಹಿತಕ್ಕಾಗಿ ಆದೇಶ ಹೊರಡಿಸುವಾಗ ತಾವು ಕೇಳಿದಿರಾ?

ಆದ್ದರಿಂದ ಆದೇಶ ರದ್ದಾಗಲಿ. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಮೂರು ಹಾಸಿಗೆಗಳು ತಮ್ಮ ಕಚೇರಿಯ ಬಾಗಿಲಿಗೆ ಬರುತ್ತವೆ. ವಾದ ಅಲ್ಲಿಯೇ ಮುಂದುವರಿಯುತ್ತದೆ. ನಮ್ಮಲ್ಲಿ ಇಬ್ಬರದು ಗಟ್ಟಿ ಗಂಟಲು. ಗುಬ್ಬಿಯೂ ಬೇಗ ಬೇಗ ಕಲಿಯುತ್ತಿದ್ದಾಳೆ.

ಇಂತಿ,
ತಮ್ಮ ಕೃಪೆಯಿಂದ ವಿನಾಕಾರಣ ಸುರಕ್ಷಿತಳಾದ,
ಅಂತಿಮ ವರ್ಷದ ನಾಸ್ತಿಕೆ